ಹಲ್ಲು ಮುರಿದ ಕತ್ತರಿ

ನಮ್ಮ ಬೀದಿಯ ಟೈಲರಮ್ಮನ ಕೈಗೆ ಹರಿದ ಬಟ್ಟೆ ಬಂದರೆ ಆಕೆ ಮೊದಲು ಅಂಚನ್ನು ಕತ್ತರಿಸಿ ನೇರ ಮಾಡುತ್ತಾಳೆ. ಆಮೇಲೆ ಸೂಜಿ, ದಾರ, ಒಂದಿಷ್ಟು ಬೈಗುಳ. ಮೂವತ್ತು ವರ್ಷದ ಅಭ್ಯಾಸ. ಅದೇ ಅಭ್ಯಾಸ ಎರಡು ಸಲ ಆಕೆಯ ಕಣ್ಣಿಗೆ ಮಣ್ಣೆರಚಿತು.

ಆರನೇ ಕ್ಲಾಸಿನ ಆ ಹುಡುಗಿ ಯೂನಿಫಾರಂ ಸ್ಕರ್ಟ್ ಹಿಡಿದು ಮೂರನೇ ಸಲ ಬಂದಾಗ ಜೊತೆಗೆ ತಾಯಿಯೂ ಇದ್ದಳು, ಮುಖ ಗಂಟು ಹಾಕಿಕೊಂಡು.

"ನೋಡಿ ಅಮ್ಮಾ, ತಿಂಗಳಲ್ಲಿ ಮೂರನೇದು. ಮನೆ ಹತ್ರಾನೇ ಟೈಲರ್ ಇದಾನೆ, ಇವಳಿಗೆ ಇಲ್ಲಿಗೇ ಬರಬೇಕಂತೆ. ಇನ್ನೊಂದು ಸಲ ಹರ್ಕೊಂಡ್ರೆ ಸ್ಕೂಲ್ ಬಿಡಿಸ್ತೀನಿ ಅಂದಿದೀನಿ."

"ಹೇಗೆ ಹರೀತು ಪುಟ್ಟಿ?"

"ಬೆಂಚಿನ ಮೊಳೆಗೆ ಸಿಕ್ತು," ಎಂದಳು ಹುಡುಗಿ, ನೆಲ ನೋಡುತ್ತ. ಮೂಲೆಯ ಸ್ಟೂಲಿನ ಮೇಲೆ ಟೈಲರಮ್ಮನ ಮೊಮ್ಮಗಳು ಹೋಮ್‌ವರ್ಕ್ ಬರೆಯುತ್ತಿದ್ದಳು. ಇಬ್ಬರದೂ ಒಂದೇ ಕ್ಲಾಸು. ಅವಳು ತಲೆ ಎತ್ತಲಿಲ್ಲ.

ಆ ಹೊತ್ತಿಗೇ ಕರೆಂಟ್ ಹೋಯಿತು. ಟೈಲರಮ್ಮ ಸ್ಕರ್ಟನ್ನು ಬಾಗಿಲ ಬೆಳಕಿಗೆ ಹಿಡಿದಳು. ಹಿಡಿದ ಕೈ ಅಲ್ಲೇ ನಿಂತಿತು. ಅಂಚಿನ ತುಂಬ ಪುಟ್ಟ ಪುಟ್ಟ ಹಲ್ಲುಗಳು. ಮೊಳೆ ಹೀಗೆ ಕಚ್ಚುವುದಿಲ್ಲ. ಇದು ನೂಲು ಬಿಡದಂತೆ ಅಂಚು ಕತ್ತರಿಸುವ ಹಲ್ಲು-ಕತ್ತರಿಯ ಕೆಲಸ. ಐದು ಹಲ್ಲು, ಒಂದು ಕಡೆ ಸಪಾಟು, ಮತ್ತೆ ಹಲ್ಲು. ಆ ಒಂದು ಹಲ್ಲು ಮುರಿದ ಕತ್ತರಿ ಆಕೆಯದೇ ಗೋಡೆಗೆ ನೇತಾಡುತ್ತಿತ್ತು. ಅದನ್ನು ಮುಟ್ಟುವವರು ಮನೆಯಲ್ಲಿ ಇಬ್ಬರೇ, ತಾನು ಮತ್ತು ಮೊಮ್ಮಗಳು.

ಬಲಗೈಯಲ್ಲಿ ದೊಡ್ಡ ಕತ್ತರಿ ಸಿದ್ಧವಾಗಿತ್ತು. ಅಂಚಿಗುಂಟ ಒಮ್ಮೆ ಆಡಿಸಿದರೆ ಹಲ್ಲೂ ಇಲ್ಲ, ಗುರುತೂ ಇಲ್ಲ, ತಾಯಿಯಿಲ್ಲದ ಮೊಮ್ಮಗಳ ಮಾನವೂ ಉಳಿಯಿತು. ಎದುರಿಗೆ ಹುಡುಗಿ ಉಸಿರು ಬಿಗಿಹಿಡಿದು ಆ ಕತ್ತರಿಯನ್ನೇ ನೋಡುತ್ತಿದ್ದಳು.

ಟೈಲರಮ್ಮ ಕತ್ತರಿ ಕೆಳಗಿಟ್ಟಳು.

"ನಿಮ್ಮ ಮಗಳು ಹರ್ಕೊಂಡಿಲ್ಲಮ್ಮ. ಕತ್ತರಿ ನಂದು. ಕತ್ತರಿಸಿದ್ದು ನಮ್ಮನೆ ಹುಡುಗಿ."

ಮೊಮ್ಮಗಳ ಪೆನ್ಸಿಲ್ ನಿಂತಿತು. "ತಮಾಷೆಗೆ ಅಜ್ಜಿ. ಎಲ್ಲರೂ ನಕ್ರು."

"ಇವಳು ನಕ್ಕಳಾ?"

ಮೊಮ್ಮಗಳು ಪುಸ್ತಕದ ಅಂಚು ಮಡಚತೊಡಗಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಊರ ಮಕ್ಕಳಿಗೆಲ್ಲ ಹೇಳಿದ ಬಾಯಿ ಈಗ ಒಣಗಿತ್ತು. ಆದರೂ ಹೇಳಿದಳು:

"ನಾಳೆ ಬೆಳಿಗ್ಗೆ ನಾನೂ ಸ್ಕೂಲಿಗೆ ಬರ್ತೀನಿ. ಟೀಚರ್ ಮುಂದೆ ನೀನೇ ಹೇಳ್ತೀಯ. ಯಾರ್ಯಾರು ನಕ್ರು ಅನ್ನೋದನ್ನೂ."

ತಾಯಿ ಮಗಳ ಭುಜ ಹಿಡಿದುಕೊಂಡಳು. ಟೈಲರಮ್ಮ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ನನ್ನ ಹತ್ರನಾದ್ರೂ ಹೇಳಬಾರದಿತ್ತಾ ಪುಟ್ಟಿ?"

ಹುಡುಗಿ ಸ್ಟೂಲಿನತ್ತ ಒಮ್ಮೆ ನೋಡಿದಳು.

"ಅವಳು ಇಲ್ಲೇ ಕೂತಿರ್ತಿದ್ಲಲ್ಲ ಅಜ್ಜಿ. ಅದಕ್ಕೇ ಸ್ಕರ್ಟ್ ತಂದೆ. ನಿಮಗೆ ಮೊದಲನೇ ಸಲಾನೇ ಗೊತ್ತಾಗತ್ತೆ ಅಂದ್ಕೊಂಡಿದ್ದೆ."