ಚಪ್ಪಡಿಯ ಮೇಲಿದ್ದ ಲೆಕ್ಕ

ಸ್ನೇಹಿತರೇ, ಇವತ್ತು ಬೆಳಗ್ಗೆ ಬಾಗಿಲ ಮುಂದಿನ ಚಪ್ಪಡಿ ತೊಳೆದು ರಂಗೋಲಿ ಬಿಟ್ಟೆ. ಪುಸ್ತಕ ಹಿಡಿದು ಹೊರಗೆ ಬಂದ ಮೊಮ್ಮಗಳು ಅಲ್ಲೇ ಕುಸಿದು ಕೂತಳು.

"ಅಜ್ಜಿ, ಇಲ್ಲಿದ್ದ ಲೆಕ್ಕ ಎಲ್ಲಿ?"

"ಸೀಮೆಸುಣ್ಣದಲ್ಲಿ ಗೀಚಿದ್ಯಲ್ಲ, ಅದಾ? ತೊಳ್ದೆ. ಬರೆಯಕ್ಕೆ ಪುಸ್ತಕ ಇಲ್ವೇನೇ ನಿಂಗೆ?"

"ಮೂರು ದಿನದಿಂದ ಆಗ್ದೇ ಇದ್ದ ಇಂಟಿಗ್ರೇಷನ್ ಕಣಜ್ಜಿ. ಈಗ ತಾನೇ ಉತ್ತರ ಬಂದಿತ್ತು. ಸ್ನಾನ ಮುಗಿಸಿ, ಇಳಿಸ್ಕೊಳ್ಳಕ್ಕೆ ಪುಸ್ತಕ ತರೋಷ್ಟ್ರಲ್ಲಿ ತೊಳೆದ್ಬುಟ್ಟಿದ್ದೀಯ!"

"ಮತ್ತೆ ಬರಿ, ಕೈ ಸವೆದೋಗುತ್ತಾ?" ಎಂದು ರೇಗಿದೆ.

ಎರಡು ಸಾಲು ಬರೆದಳು, ಮುಂದಕ್ಕೆ ಹೋಗಲಿಲ್ಲ. ಕಣ್ಣೊರೆಸಿಕೊಂಡು ಕಾಲೇಜಿಗೆ ಮಧುಗಿರಿ ಬಸ್ಸು ಹತ್ತಿದಳು. ಊಟದ ಡಬ್ಬಿ ಇಲ್ಲೇ ಇದೆ. ರಂಗೋಲಿಯೂ ಇದೆ, ಅದನ್ನು ನೋಡಲು ನನಗೇ ಮನಸ್ಸಿಲ್ಲ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಪಿಯುಸಿ ಲೆಕ್ಕವನ್ನು ಒಂದೇ ಬಕೆಟ್ ನೀರಲ್ಲಿ ಮುಗಿಸಿದೆ.