ಟೇಪಮ್ಮನ ಅಕ್ಕತಂಗಿಯರು

ಕೊರಳಲ್ಲಿ ಸದಾ ಅಳತೆಯ ಟೇಪು ಜೋತಾಡುತ್ತಿದ್ದುದರಿಂದ ಹಳೇ ಬೀದಿಯವರು ಅವಳಿಗೆ ಟೇಪಮ್ಮ ಎಂದು ಹೆಸರಿಟ್ಟಿದ್ದರು. ಹದಿನೆಂಟು ವರ್ಷ ಅಕ್ಕನ ಜೊತೆ ಕಿಷ್ಕಿಂಧೆಯಂಥ ಹೊಲಿಗೆ ಅಂಗಡಿಯಲ್ಲಿ ಕೂತು, ಬೀದಿಯವರ ಸೊಂಟದ ಸುತ್ತಳತೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡವಳು. ಯಾರು ಊದಿಕೊಂಡರು, ಯಾರು ಸೊರಗಿದರು, ಯಾರ ಸೊಸೆ ಬಸುರಿ ಎಂಬುದೆಲ್ಲ ಡಾಕ್ಟರಿಗಿಂತ ಮೊದಲು ಇವಳಿಗೆ ತಿಳಿಯುತ್ತಿತ್ತು. ಶರಟಿಗೆ ಅಕ್ಕನ ಕೈ, ಫ್ರಾಕಿಗೂ ಕೋಟಿಗೂ ತಂಗಿಯ ಕೈ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು, ಮಿಷನ್ ತುಳಿಯುವುದನ್ನು ಕಲಿಸಿದವಳು, ಎಲ್ಲ ಆ ಅಕ್ಕನೇ.

ಗಂಡನದು ವಾಹನಗಳ ಬಿಡಿಭಾಗದ ಅಂಗಡಿ. ವ್ಯಾಪಾರ ಕೈಹಿಡಿಯಿತು ನೋಡಿ, ಊರಾಚೆಯ ಶ್ರೀಮಂತರ ಬಡಾವಣೆಯಲ್ಲಿ ಮನೆ ಕೊಂಡೇಬಿಟ್ಟ. ಆಳೆತ್ತರದ ಕಾಂಪೌಂಡು, ಗೇಟಿಗೊಬ್ಬ ವಾಚ್‌ಮನ್, ಒಳಗೆ ಒಂದೇ ಬಣ್ಣದ ಅರವತ್ತು ಮನೆ. ಮೊದಲ ವಾರದಲ್ಲೇ ಟೇಪಮ್ಮ ಎರಡು ಸಲ ಪಕ್ಕದವರ ಬಾಗಿಲಿಗೆ ತನ್ನ ಬೀಗದ ಕೈ ಹಾಕಿ ತಿರುಗಿಸಿದಳು. ಬಡಾವಣೆಯ ನಿಯಮದ ಪ್ರಕಾರ ಬಟ್ಟೆ ಹೊರಗೆ ಒಣಹಾಕುವಂತಿಲ್ಲ, ಮನೆಯಲ್ಲಿ ಯಾವ ಕಸುಬೂ ಮಾಡುವಂತಿಲ್ಲ. ಯಾರನ್ನಾದರೂ ಮಾತಾಡಿಸೋಣವೆಂದರೆ, ಆ ಜನ ಕಾರಿನಲ್ಲೇ ಹುಟ್ಟಿ ಕಾರಿನಲ್ಲೇ ಬೆಳೆದವರ ಹಾಗೆ ಗಾಜು ಏರಿಸಿಕೊಂಡು ಸುಯ್ಯೆಂದು ಹೋಗಿಬಿಡುತ್ತಿದ್ದರು.

"ಏನೇ ಕಮ್ಮಿಯಾಗಿದೆ ನಿನಗಿಲ್ಲಿ?" ಎಂದ ಗಂಡ ಒಂದು ದಿನ.

"ಮಾಡೋಕೆ ಕೆಲಸಾನೇ ಇಲ್ವಲ್ಲರೀ."

"ನೀನು ಕೆಲಸ ಮಾಡೋದು ಬೇಡ ಅಂತಾನೇ ಅಲ್ವೇನೇ ನಾನು ಇಷ್ಟೆಲ್ಲ ಒದ್ದಾಡಿದ್ದು!"

ಕೆಟ್ಟವನಲ್ಲ, ಪಾಪ. ಪ್ರೀತಿಯಿಂದಲೇ ಅಂದ ಮಾತು. ಹಾಗಾಗಿ ಅವಳಿಗೆ ಜಗಳವಾಡುವುದಕ್ಕೂ ದಾರಿ ಉಳಿಯಲಿಲ್ಲ.

ಆದರೆ ಹಳೇ ಗಿರಾಕಿಗಳು ಬಿಡಬೇಕಲ್ಲ! "ನಿನ್ನ ಹಾಗೆ ಕೋಟಿನ ತೋಳು ಯಾರು ಕೂರಿಸ್ತಾರೆ ಹೇಳೇ" ಎಂದು ಹುಡುಕಿಕೊಂಡು ಬಂದೇಬಂದರು. ಗೇಟಿನಲ್ಲಿ ವಾಚ್‌ಮನ್ ಪುಸ್ತಕ ತೆಗೆದು "ಆ ಮನೆಯವರಿಗೆ ನೀವೇನಾಗ್ಬೇಕು?" ಎಂದರೆ, ಟೇಪಮ್ಮ ಹೇಳಿಕೊಟ್ಟ ಹಾಗೆ "ಅಕ್ಕ" ಎನ್ನುವುದು, ವಯಸ್ಸು ಕಮ್ಮಿಯಿದ್ದರೆ "ತಂಗಿ". ಹಣ್ಣಿನ ಚೀಲ, ಹಣ್ಣಿನ ಅಡಿಯಲ್ಲಿ ಬಟ್ಟೆ. ಹಿಂದಿನ ಕೋಣೆಯಲ್ಲಿ ಕಿಟಕಿ ಭದ್ರ ಮಾಡಿ, ಸದ್ದಾಗದಿರಲೆಂದು ಮಿಷನ್ ಕೆಳಗೆ ಕಂಬಳಿ ಹಾಸಿ ಅವಳು ಹೊಲಿದಳು. ಬೆವರು ಧಾರಾಕಾರ. ಆದರೂ ಆ ಮನೆಗೆ ಬಂದ ಮೇಲೆ ಮೊದಲ ಸಲ ಅವಳಿಗೆ ಚೆನ್ನಾಗಿ ಹಸಿವಾಯಿತು.

ಆರು ತಿಂಗಳು ಹೀಗೆ ನಡೆಯಿತು. ಒಂದು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಬಡಾವಣೆಯ ಕಾರ್ಯದರ್ಶಿ ಬಾಗಿಲು ತಟ್ಟಿದರು. ನಿವೃತ್ತ ಅಧಿಕಾರಿ, ದನಿ ಏರಿಸುವವರಲ್ಲ. ಸೋಫಾದ ಮೇಲೆ ಕೂತು, ಗೇಟಿನ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿದರು.

"ಮೂವತ್ತೊಂದು ಜನ ಅಕ್ಕಂದಿರು, ಇಪ್ಪತ್ತಾರು ಜನ ತಂಗಿಯರು. ನಿಮ್ಮ ತಾಯಿಯವರಿಗೆ ದೊಡ್ಡ ನಮಸ್ಕಾರ ಕಣಮ್ಮ."

ಟೇಪಮ್ಮನ ಮುಖದಲ್ಲಿ ರಕ್ತವೇ ಇಲ್ಲ. ಕಾಫಿ ತಂದಿಟ್ಟಳು.

"ಇನ್ನೊಂದು ಸಲ ಹೀಗಾದ್ರೆ ಸಭೇಲಿ ಎಲ್ಲರೆದುರು ನಿಮ್ಮ ಯಜಮಾನರನ್ನ ನಿಲ್ಲಿಸಿ ಕೇಳ್ಬೇಕಾಗುತ್ತೆ. ಅವರಿಗೆ ಅವಮಾನ ಆಗೋದು ನಂಗಿಷ್ಟವಿಲ್ಲ."

"ಇನ್ಮೇಲೆ ಯಾರೂ ಬರಲ್ಲ ಸಾರ್. ನನ್ನಾಣೆ."

ಅಷ್ಟರಲ್ಲಿ ಗೋಡೆಯ ಫೋನು ಬಡಿದುಕೊಂಡಿತು. ವಾಚ್‌ಮನ್: "ಅಮ್ಮಾ, ನಿಮ್ಮ ಅಕ್ಕ ಅಂತೆ, ಬಂದಿದಾರೆ. ಬಿಡ್ಲಾ?"

ಆ ಫೋನು ಎಷ್ಟು ಗಟ್ಟಿಯೆಂದರೆ ಸೋಫಾದವರೆಗೂ ಮಾತು ಕೇಳಿಸಿತು. ಕಾರ್ಯದರ್ಶಿಗಳು ಹುಬ್ಬು ಮೇಲೇರಿಸಿದರು. ಯಾವ ಹಾಳು ಗಿರಾಕಿಯೋ, ಬರುವುದಕ್ಕೆ ಇದೇ ಹೊತ್ತು ಸಿಕ್ಕಿತೇ ಎಂದು ಟೇಪಮ್ಮ ಹಲ್ಲು ಕಡಿದಳು.

"ನಂಗೆ ಯಾವ ಅಕ್ಕಾನೂ ಇಲ್ಲ. ವಾಪಸ್ ಕಳಿಸಿ."

ಆ ಕಡೆ ಒಂದು ಕೆಮ್ಮು ಕೇಳಿಸಿತು. ಆಮೇಲೆ ಹುಟ್ಟಿದಾಗಿನಿಂದ ಕೇಳಿದ ದನಿ: "ಹೋಗ್ಲಿ ಬಿಡಪ್ಪ, ನಾನೇ ಮನೆ ತಪ್ಪಿ ಬಂದಿರ್ಬೇಕು."

ಸ್ವಂತ ಅಕ್ಕನೇ! ಓಡಬೇಕು. ಆದರೆ ಈ ಮಹಾನುಭಾವ ಕಾಫಿ ಮುಗಿಸಬೇಕಲ್ಲ! ಗುಟುಕು ಗುಟುಕಾಗಿ ಹೀರಿ, ಬಾಯಿ ಒರೆಸಿಕೊಂಡು, ಗಿಡಗಳನ್ನು ಹೊಗಳಿ ಅವರು ಹೊರಡುವವರೆಗೆ ಅವಳು ನಗುಮುಖ ಹೊತ್ತು ನಿಂತಳು. ಆಮೇಲೆ ಬರಿಗಾಲಲ್ಲೇ ಓಡಿದಳು.

ಅಕ್ಕ ಗೇಟಿನಾಚೆಯ ಬಸ್ ಸ್ಟಾಪಿನಲ್ಲಿ ಒಬ್ಬಳೇ ಕೂತಿದ್ದಳು. ಆ ದಾರಿಯಲ್ಲಿ ಬಸ್ಸು ಅಪರೂಪ, ಪುಣ್ಯ.

"ಅಕ್ಕಾ, ನನ್ನ ಬಾಯಿಗೆ ಹುಳ ಬೀಳಾ! ನೀನು ಅಂತ ಗೊತ್ತಾಗ್ಲಿಲ್ಲ ಕಣಕ್ಕಾ..."

"ಅಳ್ಬೇಡ, ಸುಮ್ನಿರು. ಎದುರಿಗೆ ಯಾರೋ ಕೂತಿದಾರೆ ಅಂತ ನಿನ್ನ ದನೀಲೇ ಗೊತ್ತಾಯ್ತು. ನಂಗೇನೂ ಬೇಜಾರಿಲ್ಲ." ಅಕ್ಕ ಸೆರಗಿನಿಂದ ಅವಳ ಕಣ್ಣೊರೆಸಿದಳು. "ಫೋನಲ್ಲಿ ಕೇಳೋ ಮಾತಲ್ಲ ಅಂತ ಬಂದೆ. ನಿನ್ನ ಮಿಷನ್ ಜಾಗ ಇಷ್ಟು ದಿನ ಖಾಲಿ ಇಟ್ಟಿದ್ದೆ. ಈಗ ಒಬ್ಳು ಕೇಳ್ತಿದಾಳೆ, ಕೆಲಸ ಬಲ್ಲೋಳು. ನೀನು ಬರ್ತೀನಿ ಅನ್ನು, ಅವಳಿಗೆ ಇಲ್ಲ ಅಂತೀನಿ. ಬೆಳಗ್ಗೆ ಬಾ, ಸಂಜೆ ಹೋಗು. ಬರ್ತೀಯೇನೇ?"

ಬರ್ತೀನಿ ಎಂದು ಕಿರುಚಬೇಕು ಅನಿಸಿತು. ಬಾಗಿಲಿಲ್ಲದ ಆ ಅಂಗಡಿ, ಹರಟೆ, ಬೀದಿಯ ಗಲಾಟೆ, ಎಲ್ಲ ಬೇಕೆನಿಸಿತು. ಆದರೆ ಎರಡು ಬಸ್ಸು ಬದಲಿಸಿ ಹೋಗಬೇಕು. ಮಗಳು ಮಧ್ಯಾಹ್ನವೇ ಶಾಲೆಯಿಂದ ಬರುತ್ತಾಳೆ. ನನ್ನ ಹೆಂಡತಿ ಇನ್ನು ದುಡಿಯಬೇಕಾಗಿಲ್ಲ ಎಂದು ಗಂಡ ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದ್ದಾನೆ. ಹೇಗೆ ತಿರುಗಿಸಿ ಕತ್ತರಿಸಿದರೂ ಬಟ್ಟೆ ಸಾಲದು. ಈ ಮನೆಗೆ ಬಂದು ಏನು ಕಂಡೆ ಎಂದು ತನ್ನನ್ನೇ ಕೇಳಿಕೊಂಡಳು. ಆದರೂ ಬಾಯಿಂದ ಬಂದದ್ದು ಇಷ್ಟೇ:

"ಅವಳಿಗೇ ಕೊಟ್ಬಿಡಕ್ಕ."

ಬಸ್ಸು ಬಂತು. ಅಕ್ಕ ಎದ್ದು, ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು.

"ಈ ಮಾತು ಹೇಳುವಾಗ ನಿನ್ನೆದುರು ಯಾರೂ ಕೂತಿರ್ಲಿಲ್ಲವಲ್ಲೇ."

ಬಸ್ಸು ಹೋಯಿತು. ಮಗಳ ಶಾಲೆಯ ವ್ಯಾನು ಬರಲು ಇನ್ನೂ ಒಂದು ಗಂಟೆಯಿತ್ತು. ಟೇಪಮ್ಮ ಅಲ್ಲೇ ಕೂತಳು.