ಉಣ್ಣುವಾಗ ಕೊಟ್ಟ ಮಾತು

ಮಿಸಿಸಾಗಾದ ಹೆದ್ದಾರಿ ಪಕ್ಕದಲ್ಲಿ ಆರು ಮಹಡಿಯ ಗಾಜಿನ ಕಟ್ಟಡವೊಂದಿದೆ. ಅದರ ನೆಲಮಹಡಿಯಲ್ಲಿ, ಲಿಫ್ಟಿನ ಎದುರಿಗೇ, ನನ್ನ ಚಿಗವ್ವನ ಕ್ಯಾಂಟೀನು ಇತ್ತು. ಚಿಗವ್ವ ಅಂದರೆ ನನ್ನ ಅವ್ವನ ತಂಗಿ, ಹುಬ್ಬಳ್ಳಿಯವಳು. ಬೆಳಗ್ಗೆ ಕಾಫಿ, ಮಫಿನ್ನು. ಮಧ್ಯಾಹ್ನ ಸ್ಯಾಂಡ್‌ವಿಚ್ಚು, ಸೂಪು. ಬುಧವಾರ ಮಾತ್ರ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಒಂದು ಕಾಲದಲ್ಲಿ ಬುಧವಾರದ ಸಾಲು ಲಿಫ್ಟಿನ ಬಾಗಿಲಿಗೆ ಅಡ್ಡ ನಿಲ್ಲುತ್ತಿತ್ತು ಎಂದು ಆಕೆ ಹೇಳುತ್ತಾಳೆ. ನಾನು ಈ ದೇಶಕ್ಕೆ ಓದಲು ಬಂದು, ಓದುತ್ತಲೇ ಆಕೆಯ ಕೌಂಟರಿನ ಹಿಂದೆ ನಿಲ್ಲತೊಡಗುವ ಹೊತ್ತಿಗೆ ಆ ಸಾಲು ಕಥೆಯಾಗಿತ್ತು. ಜನ ವಾರಕ್ಕೆ ಮೂರು ದಿನ ಬರುತ್ತಿದ್ದರು, ಆಮೇಲೆ ಎರಡು. ಮೂರನೆಯ ಮಹಡಿ ಪೂರ್ತಿ ಖಾಲಿಯಾಯಿತು. ಐದನೆಯದರಲ್ಲಿ ಒಂದು ಲೆಕ್ಕಪತ್ರದ ಕಂಪನಿ ಉಳಿದಿತ್ತು, ಅದೂ ಒಂದು ಮೂಲೆಯಲ್ಲಿ.

ಇದರಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಓದು ಮುಗಿದ ಮೇಲೆ ನನಗೆ ಸಿಕ್ಕಿದ್ದು ವಿಮೆಯ ಕೆಲಸ. ಆಫೀಸು ಥಾರ್ನ್‌ಹಿಲ್‌ನಲ್ಲಿ ಇದೆಯಂತೆ. ನಾನು ಅಲ್ಲಿಗೆ ಹೋಗಿರುವುದು ಗುರುತಿನ ಚೀಟಿ ಇಸಿದುಕೊಳ್ಳಲು ಮಾತ್ರ. ಸ್ಟ್ರೀಟ್ಸ್‌ವಿಲ್‌ನ ಒಂದು ಬೇಸ್‌ಮೆಂಟಿನಲ್ಲಿ, ಹುಲ್ಲಿನ ಬುಡ ಕಾಣುವ ಕಿಟಕಿಯ ಕೆಳಗೆ ಕುಳಿತು ಕೆಲಸ ಮಾಡುತ್ತೇನೆ. ಹಾಗಾಗಿ ಚಿಗವ್ವನ ಕಟ್ಟಡವನ್ನು ಹೊಸದಾಗಿ ಕೊಂಡ ಕಂಪನಿಯವರು ಖಾಲಿ ಆಫೀಸುಗಳನ್ನು ಮನೆ ಮಾಡುತ್ತಾರೆ ಅಂದಾಗ ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ತಲೆಯ ಮೇಲೆ ಇನ್ನೊಬ್ಬರ ಸಂಸಾರದ ಸದ್ದು ಕೇಳುತ್ತ ಮಲಗುವವರಿಗೆ ಮೂರನೆಯ ಮಹಡಿಯ ಖಾಲಿತನ ಅನ್ಯಾಯದಂತೆಯೇ ಕಾಣುತ್ತದೆ.

ಆದರೆ ನಾನು ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಪರ ಎಂದು ಚೀಟಿ ಬಂದರೆ ಪರ, ವಿರೋಧ ಬಂದರೆ ವಿರೋಧ. ಯಾವ ಮಾತನ್ನೂ ಅದರ ಮುಖ ನೋಡಿ ನಂಬುವ ಅಭ್ಯಾಸ ಹೋಗಿಬಿಟ್ಟಿದೆ. ಆಫೀಸನ್ನು ಮನೆ ಮಾಡುವುದು ಭಾಷಣದಲ್ಲಿ ಹೇಳುವಷ್ಟು ಸಲೀಸಲ್ಲ. ಆಫೀಸಿನ ಮಹಡಿ ಅಗಲವಾಗಿ ಹರಡಿಕೊಂಡಿರುತ್ತದೆ: ಕಿಟಕಿಗಳೆಲ್ಲ ಅಂಚಿನಲ್ಲಿ, ನೀರಿನ ಪೈಪುಗಳೆಲ್ಲ ನಡುವಿನಲ್ಲಿ. ಮನೆಗಾದರೆ ಪ್ರತಿ ಅಡುಗೆಮನೆಗೂ ನೀರು ಬೇಕು, ಪ್ರತಿ ಮಲಗುವ ಕೋಣೆಗೂ ಬೆಳಕು ಬೇಕು. ಅವೆರಡನ್ನೂ ಕೊಟ್ಟ ಮೇಲೆ ನಡುವೆ ಉಳಿಯುವ ಕತ್ತಲ ಜಾಗವನ್ನು ಏನು ಮಾಡುತ್ತಾರೆ? ಪೇಟೆಯ ಹೊಸ ಬಹುಮಹಡಿ ಆಫೀಸುಗಳಲ್ಲಿ ಬಾಡಿಗೆದಾರರು ಇದ್ದೇ ಇದ್ದಾರೆ. ಖಾಲಿಯಾದದ್ದು ಚಿಗವ್ವನ ಕ್ಯಾಂಟೀನು ಇದ್ದಂಥ ಹಳೆಯ ಉಪನಗರದ ಕಟ್ಟಡಗಳು. ಅಂಥವನ್ನು ಕೊಂಡ ಕಂಪನಿಗೆ ಊರಿನ ವಸತಿಯ ಚಿಂತೆಯೋ ತನ್ನ ಚಿಂತೆಯೋ ಎಂದು ಕೇಳುವ ಹಕ್ಕು ನನಗಿತ್ತು.

ಚಿಗವ್ವನಿಗೆ ಈ ಯಾವ ಪ್ರಶ್ನೆಯೂ ಇರಲಿಲ್ಲ. ಅವಳ ಮುಂದೆ ಇದ್ದದ್ದು ಒಂದೇ: ಹೋಗುವುದೋ, ಇರುವುದೋ. ಬೆಳಗಾವಿ ಕಡೆಯವರೊಬ್ಬರು ಬೋಲ್ಟನ್‌ನಲ್ಲಿ, ಉಗ್ರಾಣಗಳ ಸಾಲಿನ ನಡುವೆ, ಅಡುಗೆಯ ವ್ಯವಸ್ಥೆ ಇದ್ದ ಅಂಗಡಿಯೊಂದನ್ನು ಆಕೆಗಾಗಿ ಹಿಡಿದಿಟ್ಟಿದ್ದರು. ತಿಂಗಳೊಪ್ಪತ್ತಿನಲ್ಲಿ ಹೌದು ಅಥವಾ ಇಲ್ಲ ಹೇಳಬೇಕಿತ್ತು. ನಾನು ಹೋಗು ಅನ್ನುವ ಪಕ್ಷ.

“ಬೋಲ್ಟನ್‌ದಾಗ ಟ್ರಕ್ಕು ಬಿಟ್ರ ಏನೈತಿ?” ಎಂದಳು ಚಿಗವ್ವ ಒಂದು ಬುಧವಾರದ ಮಧ್ಯಾಹ್ನ, ಯಾರೂ ಕೊಳ್ಳದ ಸೂಪನ್ನು ಕಲಕುತ್ತ.

“ಟ್ರಕ್ಕಿನಾಗ ಡ್ರೈವರ್ ಇರ್ತಾನ. ಅವಗ ಹೊಟ್ಟಿ ಇರ್ತೈತಿ. ಲ್ಯಾಪ್‌ಟಾಪಿನ ಮಂದಿ ಮನ್ಯಾಗ ಉಣ್ಣಾಕ ಕಲ್ತಾರ, ಚಿಗವ್ವ. ಅವರು ತಿರಗಿ ಬರೂದಿಲ್ಲ.”

“ನಿನ್ನಂಥವ್ರು.”

“ಹೌದು, ನನ್ನಂಥವ್ರು.”

“ಬರೂದು ಬ್ಯಾಡ ಬಿಡು. ಇಲ್ಲಿ ಮನಿ ಆಗಾಕತ್ತಾವ. ಆಫೀಸಿನವ್ರು ಒಂದ ಹೊತ್ತು ಇರ್ತಿದ್ರು, ಮನಿಯವ್ರು ಮೂರೂ ಹೊತ್ತು ಇರ್ತಾರ.”

“ಮನಿಯವ್ರಿಗೆ ಅಡಗಿಮನಿ ಇರ್ತೈತಿ.”

“ನಿನ್ನ ಬೇಸ್‌ಮೆಂಟಿನಾಗೂ ಐತಿ. ಈ ವಾರ ಒಲಿ ಎಷ್ಟ ಸಲ ಹಚ್ಚೀದಿ, ಹೇಳು ನೋಡೂಣು.”

ಆಕೆಯ ಕೌಂಟರಿನಲ್ಲೇ ನಿಂತು ಆಕೆಯದೇ ರೊಟ್ಟಿ ತಿನ್ನುತ್ತಿದ್ದೆ. ಅಲ್ಲದೆ ಆಕೆಗೆ ಅರವತ್ತು ಹತ್ತಿರ ಬಂದಿತ್ತು. ಬೋಲ್ಟನ್‌ಗೆ ಹೋಗಬೇಕೆಂದರೆ ಚಳಿಗಾಲದಲ್ಲಿ ಬೆಳಕು ಹರಿಯುವ ಮುನ್ನ ಹಿಮದ ಹೆದ್ದಾರಿಯಲ್ಲಿ ಕಾರು ಓಡಿಸಬೇಕು. ಇದನ್ನು ಆಕೆ ಎಂದೂ ವಾದಕ್ಕೆ ಬಳಸಲಿಲ್ಲ. ನಾನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ಅಷ್ಟರಲ್ಲಿ ಕಂಪನಿಯವರು ಸಭೆ ಕರೆದರು. ಸುತ್ತಲಿನ ನಿವಾಸಿಗಳು, ಉಳಿದ ಬಾಡಿಗೆದಾರರು ಎಲ್ಲರೂ ಬಂದು ನಕ್ಷೆಗಳನ್ನು ನೋಡಬಹುದು, ಅನುಮಾನವಿದ್ದರೆ ಕೇಳಬಹುದು. ಜಾಗ ಅದೇ ಕಟ್ಟಡದ ಖಾಲಿ ಮೂರನೆಯ ಮಹಡಿ. ನನಗೆ ಹಬ್ಬ. ನಾನು ಪ್ರಶ್ನೆಗಳನ್ನು ಬರೆದು, ಬರೆದದ್ದನ್ನು ಅರ್ಧಕ್ಕೆ ಇಳಿಸಿ, ಕೊನೆಗೆ ಒಂದನ್ನೇ ಉಳಿಸಿಕೊಂಡೆ. ಕಟ್ಟಡದ ಕೆಲಸ ಮುಗಿದ ಮೇಲೆ ಈ ಕ್ಯಾಂಟೀನಿಗೆ ಇಲ್ಲಿ ಮರಳಿ ಜಾಗ ಉಂಟೋ ಇಲ್ಲವೋ? ಉಂಟು ಅಂದರೆ ನೂರು ಜನರ ಮುಂದೆ ಹೇಳಿಸಿದಂತಾಯಿತು. ಇಲ್ಲ ಅಂದರೆ ಚಿಗವ್ವ ಬೋಲ್ಟನ್‌ಗೆ ಹೂಂ ಅನ್ನುತ್ತಾಳೆ. ಎರಡರಲ್ಲಿ ಯಾವುದಾದರೂ ಗೆಲುವೇ. ನನ್ನ ಲೆಕ್ಕ ಹಾಗಿತ್ತು.

ಚಿಗವ್ವನ ತಯಾರಿ ಬೇರೆ. ಸಭೆಯ ದಿನ ನಾನು ಹೋದಾಗ ಕ್ಯಾಂಟೀನಿನ ಹಿಂದೆ ಎಣ್ಣೆ ಕಾಯುತ್ತಿತ್ತು. ಮಿರ್ಚಿ ಭಜಿ, ಚುರುಮುರಿಯ ಗಿರಮಿಟ್ಟು, ಚಟ್ನಿ ಸವರಿ ಸುತ್ತಿದ ರೊಟ್ಟಿ.

“ಯಾರಿಗಿದು?”

“ನಮ್ಮ ಬಿಲ್ಡಿಂಗಿಗೆ ಮಂದಿ ಬರಾಕತ್ತಾರ. ಬರೇ ನೀರ ಕುಡದ ಹೋಗಬೇಕೇನು?”

“ಚಿಗವ್ವ, ಅವರು ನಿನ್ನನ್ನ ಎಬ್ಬಿಸಾಕ ಬರಾಕತ್ತಾರ.”

“ಎಬ್ಬಿಸ್ಲಿ. ಉಂಡು ಎಬ್ಬಿಸ್ಲಿ. ಆ ದೊಡ್ಡ ತಾಟ ಹಿಡಿ.”

ಮೂರನೆಯ ಮಹಡಿಯಲ್ಲಿ ಮೇಜುಗಳ ಗುರುತು ಕಾರ್ಪೆಟ್ಟಿನ ಮೇಲೆ ಹಾಗೇ ಉಳಿದಿತ್ತು. ಸ್ಟ್ಯಾಂಡುಗಳ ಮೇಲೆ ಬಣ್ಣಬಣ್ಣದ ಚಿತ್ರಗಳು. ಒಂದರಲ್ಲಿ ನೆಲಮಹಡಿ: ಮರಗಳು, ಒಂದು ನಾಯಿ, ಬಿಸಿಲು, ಗಾಜಿನ ಹಿಂದೆ ಪುಟ್ಟ ಕೆಫೆ, ಅದರ ಬಾಗಿಲಲ್ಲಿ ಏಪ್ರನ್ ಕಟ್ಟಿದ ಹೆಂಗಸು. ಚಿಗವ್ವ ತಾಟನ್ನು ಹಿಡಿದುಕೊಂಡೇ ಅದರ ಮುಂದೆ ನಿಂತುಬಿಟ್ಟಳು.

“ನೋಡು, ನನ್ನ ಚಿತ್ರಾ ತಗದಾರ.”

“ಅದು ಕಂಪ್ಯೂಟರಿನಾಗ ಸಿಗೂ ಬೊಂಬಿ. ಎಲ್ಲಾ ಚಿತ್ರದಾಗೂ ಅದs ಹೆಂಗಸು ಇರ್ತಾಳ.”

“ಜಾಗಾ ಅಂತೂ ನಂದs ಐತಲ್ಲ.”

ಜಾಗ ಅವಳದೇ ಹೌದು. ಲಿಫ್ಟಿನ ಎದುರಿಗೇ ಇತ್ತು.

ಕಂಪನಿಯ ಪರವಾಗಿ ಬಂದಿದ್ದಾಕೆ ನಲವತ್ತರ ಆಸುಪಾಸಿನ ಹೆಂಗಸು. ಒಳ್ಳೆಯವಳು ಎಂದೇ ಹೇಳಬೇಕು. ಬೆಳಗಿನಿಂದ ಏನೂ ತಿಂದಿಲ್ಲ ಎಂದು ನಗುತ್ತ, ಫೋರ್ಕು ಕೇಳದೆ ಕೈಯಲ್ಲೇ ರೊಟ್ಟಿ ಮುರಿದು ತಿಂದಳು. ಇನ್ನೊಂದು ಬೇಡಿದಳು. ಬಾಯಲ್ಲಿ ತುತ್ತು ಇರುವಾಗಲೇ ಚಿಗವ್ವನ ತೋಳು ಮುಟ್ಟಿ, ಕೆಲಸ ಮುಗಿದ ಮೇಲೆ ನೀವು ಮತ್ತೆ ಇಲ್ಲಿಗೇ ಬಂದರೆ ನಮಗೆ ಬಹಳ ಸಂತೋಷ, ಖಂಡಿತ ಬರಬೇಕು ಅಂದಳು.

ಚಿಗವ್ವನಿಗೆ ಇಂಗ್ಲಿಷು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆಕೆ ಏನನ್ನೂ ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ. ಆದರೆ ನಮ್ಮ ಮನೆತನದಲ್ಲಿ ಎಂಜಲುಗೈಯಲ್ಲಿ ಆಡಿದ ಮಾತಿಗೆ ತೂಕವೇ ಬೇರೆ. ನಮ್ಮ ಅಜ್ಜ ಅಣ್ಣತಮ್ಮಂದಿರ ತಕರಾರು ಬಗೆಹರಿಸಿದ್ದು ಊಟದ ಪಂಕ್ತಿಯಲ್ಲಿ. ಅವ್ವನ ಮದುವೆಯ ಮಾತು ಮುಗಿದದ್ದು ತಾಟಿನ ಮುಂದೆ. ನಿಮ್ಮ ಅನ್ನ ಬಾಯಲ್ಲಿರುವಾಗ ಒಬ್ಬರು ಹೌದು ಅಂದರೆ ಅದು ಆಯಿತು. ಮತ್ತೊಮ್ಮೆ ಕೇಳುವುದೇ ಅವಮಾನ. ಚಿಗವ್ವ ನನ್ನ ಕಡೆ ತಿರುಗಿ ನೋಡಿದ ನೋಟದಲ್ಲಿ ಮಾತು ಗಟ್ಟಿಯಾಗಿಹೋಗಿತ್ತು.

ನಾನು ಮೈಕಿನ ಹತ್ತಿರ ಹೋದೆ. ನನ್ನ ಸರದಿ ಬಂದಾಗ ಸ್ಪಷ್ಟವಾಗಿ, ಗೌರವದಿಂದಲೇ ಕೇಳಿದೆ: ನೆಲಮಹಡಿಯ ಕ್ಯಾಂಟೀನಿಗೆ ಮರಳಿ ಬರುವ ಅವಕಾಶದ ಬಗ್ಗೆ ಕಂಪನಿ ಮಾತು ಕೊಟ್ಟಿದೆಯೇ? ಹೌದು ಅಥವಾ ಇಲ್ಲ?

ಆ ಹೆಂಗಸು ಪಕ್ಕದಲ್ಲಿದ್ದ ವಕೀಲನ ಮುಖ ನೋಡಿದಳು. ಆಮೇಲೆ, ಈ ಹಂತದಲ್ಲಿ ಯಾವ ಬಾಡಿಗೆದಾರರಿಗೂ ಕಂಪನಿ ಮಾತು ಕೊಟ್ಟಿಲ್ಲ, ಕೊಡಲಿಕ್ಕೂ ಆಗದು ಎಂದಳು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಕ್ಯಾಮೆರಾ ಸಭೆಯನ್ನು ಚಿತ್ರೀಕರಿಸುತ್ತಿತ್ತು. ನನಗೆ ಒಂದು ಕ್ಷಣ, ಹಳೆಯ ಸುಖ, ಎದುರಾಳಿಯ ಕಾಲು ಜಾರಿದಾಗ ಆಗುವಂಥದ್ದು.

ಕೆಳಗೆ ಬಂದು ಇಬ್ಬರೂ ಪಾತ್ರೆ ತೊಳೆಯತೊಡಗಿದೆವು.

“ಕೇಳಿಸ್ಕೊಂಡಿ ಅಲ್ಲ,” ಅಂದೆ. “ಮಾತು ಕೊಟ್ಟಿಲ್ಲಂತ. ಬೋಲ್ಟನ್‌ದವ್ರಿಗೆ ಹೂಂ ಅಂದಬಿಡು.”

“ಉಂಡ ಕೈ ಇನ್ನೂ ಒಣಗಿರಲಿಲ್ಲ ಆಕೀದು. ಮಂದಿಯೊಳಗ ನಿಲ್ಲಿಸಿ ಕೇಳಿದಿ. ಮೈಕಿನಾಗ ಮತ್ತೇನ ಅನಬೇಕಿತ್ತು ಆಕಿ? ನೌಕರಿ ಮಾಡಾಕಿ.”

“ಖರೇ ಏನೈತಿ ಅದನ್ನs ಹೇಳಿದ್ಳು ಆಕಿ.”

“ಖರೇ ಹೇಳ್ಯಾಳ. ನನ್ನ ಮುಂದ. ನೀ ಕೇಳೂಕಿಂತ ಮೊದಲು.”

“ಅದು ಮರ್ಯಾದಿಗೆ ಆಡೋ ಮಾತು, ಚಿಗವ್ವ.”

“ಮತ್ತ ಮರ್ಯಾದಿ ಅಂದ್ರ ಸುಳ್ಳೇನು?”

ಆಕೆ ಕೈ ಒರೆಸಿಕೊಂಡು ನನ್ನೆದುರಿಗೇ ಬೋಲ್ಟನ್‌ಗೆ ಫೋನು ಹಚ್ಚಿದಳು. “ಅಣ್ಣಾರ, ನನ್ನ ದಾರಿ ನೋಡಬ್ಯಾಡ್ರಿ. ಬ್ಯಾರೇದವ್ರಿಗೆ ಕೊಡ್ರಿ,” ಅಂದು, ಅವರ ಹೆಂಡತಿಯ ಮೊಣಕಾಲು ನೋವನ್ನೂ ವಿಚಾರಿಸಿ, ಇಟ್ಟಳು. ಆ ಅಂಗಡಿಗೆ ಬೇರೆ ಯಾರೋ ಬಂದು ಶವರ್ಮಾ ಶುರು ಮಾಡಿದರು.

ಚಳಿಗಾಲ ಕಳೆಯಿತು. ಜಾಗ ಖಾಲಿ ಮಾಡಲು ನೋಟಿಸು ಬಂತು. ಕೆಲವು ತಿಂಗಳ ಗಡುವು, ಬಾಡಿಗೆ ಕರಾರಿನಲ್ಲಿ ಮೊದಲಿನಿಂದಲೂ ಇದ್ದ ಷರತ್ತು. ಚಿಗವ್ವ ಗಾಬರಿಯಾಗಲಿಲ್ಲ. ಕೆಲಸ ನಡೆಯುವಷ್ಟು ದಿನ ಮನೆಯಿಂದ ಡಬ್ಬಿ ಕಳಿಸುತ್ತೇನೆ, ಆಮೇಲೆ ವಾಪಸು ಬರುತ್ತೇನೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ವಾಪಸು ಬರುವ ದಿನವನ್ನು ಗೊತ್ತುಮಾಡಿಕೊಳ್ಳೋಣ ಎಂದು, ರೊಟ್ಟಿ ತಿಂದ ಹೆಂಗಸನ್ನು ನೋಡಲು ಕಂಪನಿಯ ಕಚೇರಿಗೆ ಹೊರಟಳು. ನನ್ನನ್ನೂ ಕರೆದಳು. “ನೀನs ಮಾತಾಡು ಈ ಸಲ. ನಿನಗ ಬರ್ತೈತಿ,” ಅಂದಳು. ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆ ಹೆಂಗಸು ಕೆಲಸ ಬಿಟ್ಟು ಹೋಗಿದ್ದಳು. ಅವಳ ಜಾಗದಲ್ಲಿ ನನ್ನ ವಯಸ್ಸಿನ ಹುಡುಗನೊಬ್ಬ ಕುಳಿತಿದ್ದ. ನೆಲಮಹಡಿಯ ಹೊಸ ನಕ್ಷೆ ತೋರಿಸಿದ. ಕೆಫೆ ಇರಲಿಲ್ಲ. ಅಲ್ಲಿ ನಿವಾಸಿಗಳಿಗೆ ವ್ಯಾಯಾಮಶಾಲೆ ಮತ್ತು ಆನ್‌ಲೈನಿನಲ್ಲಿ ತರಿಸಿದ ಪಾರ್ಸೆಲ್ಲುಗಳನ್ನು ಇಡುವ ಕೋಣೆ.

ನಾನು ವಾದ ಶುರುಮಾಡಿದೆ. ಹಳೆಯ ಅಧಿಕಾರಿ ಆಶ್ವಾಸನೆ ಕೊಟ್ಟಿದ್ದರು ಎಂದೆ. ಅದನ್ನು ನಂಬಿ ಇವರು ಬೇರೆ ಜಾಗ ಬಿಟ್ಟರು, ನಂಬಿಕೆಯಿಂದ ನಷ್ಟವಾದವರಿಗೆ ಕಂಪನಿ ಜವಾಬು ಕೊಡಬೇಕು ಎಂದೆ. ಆಡುತ್ತಲೇ ನನಗೆ ಮುಂದೆ ಬರುವುದು ಕಾಣುತ್ತಿತ್ತು. ನಾನು ಅವನ ಕುರ್ಚಿಯಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆ. ಅವನು ಸಮಾಧಾನದಿಂದ ಕೇಳಿಸಿಕೊಂಡು ಹೇಳಿದ: ಸಾರ್ವಜನಿಕ ಸಭೆಯ ವಿಡಿಯೋ ನೋಡಿದ್ದೇನೆ. ಸಭೆಯಲ್ಲಿ ಒಬ್ಬರು ಇದೇ ಪ್ರಶ್ನೆ ಕೇಳಿದ್ದರು, ಯಾರಿಗೂ ಮಾತು ಕೊಟ್ಟಿಲ್ಲ ಎಂದು ಅಲ್ಲಿಯೇ ಸ್ಪಷ್ಟಪಡಿಸಿದ್ದೇವೆ.

“ಹೌದು,” ಅಂದಳು ಚಿಗವ್ವ ಇಂಗ್ಲಿಷಿನಲ್ಲಿ. “ಕೇಳಿದವಳು ಇವಳೇ. ಒಳ್ಳೆಯ ಪ್ರಶ್ನೆ ಕೇಳುತ್ತಾಳೆ.”

ಹುಡುಗ ನನ್ನ ಮುಖ ನೋಡಿ ಥಟ್ಟನೆ ನಕ್ಷೆ ಮಡಚತೊಡಗಿದ. ಕನಿಕರ ಪಟ್ಟಂತಿತ್ತು.

ಕಾರಿನಲ್ಲಿ ನಾವಿಬ್ಬರೇ. ವೈಪರು ಒಣ ಗಾಜಿನ ಮೇಲೆ ಕಿರುಗುಟ್ಟುತ್ತಿತ್ತು, ಆಕೆ ನಿಲ್ಲಿಸಲಿಲ್ಲ.

“ನೀ ಅವತ್ತ ಕೇಳದ ಇದ್ದಿದ್ರ?” ಅಂದಳು.

“ಕೇಳದಿದ್ರೂ ಇದs ಆಗ್ತಿತ್ತು. ನಕ್ಷಾ ಬದಲಾಗ್ತಿತ್ತು, ಆಕಿ ನೌಕರಿ ಬಿಡ್ತಿದ್ಳು.”

“ಹಂಗಂತ ನಿನಗ ಗೊತ್ತೇನು?”

ಗೊತ್ತಿರಲಿಲ್ಲ. ಪ್ರಶ್ನೆ ಸರಿಯಾಗಿತ್ತು ಎಂದು ಈಗಲೂ ವಾದಿಸಬಲ್ಲೆ, ಎದುರು ಕುಳಿತವರು ಚಿಗವ್ವ ಅಲ್ಲದಿದ್ದರೆ. ಆದರೆ ಆ ಪ್ರಶ್ನೆ ಕ್ಯಾಮೆರಾದಲ್ಲಿ ಇಲ್ಲದಿದ್ದರೆ ಆ ಹುಡುಗನ ಬಾಯಲ್ಲಿ ಉತ್ತರ ಅಷ್ಟು ಸಿದ್ಧವಾಗಿ ಇರುತ್ತಿರಲಿಲ್ಲ ಎಂಬುದೂ ಸರಿ. ಅವನು ಒಂದು ಕ್ಷಣ ತಡವರಿಸಿದ್ದರೆ ಆ ಕ್ಷಣದಲ್ಲಿ ಏನಾದರೂ ಸಿಗುತ್ತಿತ್ತೋ ಏನೋ. ಪರ ಮತ್ತು ವಿರೋಧ ಎರಡನ್ನೂ ನಾನೇ ಮಾತಾಡಿಕೊಳ್ಳುತ್ತೇನೆ, ತೀರ್ಪು ಹೇಳುವವರು ಯಾರೂ ಇಲ್ಲ.

ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಆಕೆ ವೈಪರ್ ಆರಿಸಿದಳು.

“ಅಣ್ಣಾರ ಕಡೆ ಮತ್ತೊಂದು ಜಾಗಾ ಐತಿ ಅಂದಿದ್ರು. ಹಿಂದಿನ ಓಣ್ಯಾಗಂತ, ರಸ್ತೆಗೆ ಕಾಣೂದಿಲ್ಲಂತ. ಫೋನ್ ಹಚ್ಚಿ ಕೇಳು,” ಅಂದಳು. ಅದರ ಬೆನ್ನಿಗೇ, “ಬುಧವಾರಕ್ಕ ಜ್ವಾಳದ ಹಿಟ್ಟು ಅರ್ಧಾ ಚೀಲಾ ಸಾಕು, ಅಷ್ಟs ತರಸು.”

ನಾನು ಬೋಲ್ಟನ್‌ನ ನಂಬರು ಹುಡುಕಿ, ಸ್ಪೀಕರಿಗೆ ಹಾಕಿ, ಫೋನನ್ನು ಆಕೆಯ ಕಡೆ ಹಿಡಿದೆ. ಆಕೆ ಅದನ್ನು ನನ್ನ ಕಡೆಗೇ ತಳ್ಳಿದಳು.